ನಾಲ್ಕನೇ ಸುತ್ತಿನ ಕುಂಟು

ವಾಚು ರಿಪೇರಿಯ ಸೆಕೆಂಡಪ್ಪ ತನ್ನ ಎರಡು ಕಿವಿಗಳಿಗೂ ಬೇರೆ ಬೇರೆ ಕೆಲಸ ಹಂಚಿಕೊಟ್ಟಿದ್ದ. ಬಲಗಿವಿ ವಾಚುಗಳಿಗೆ, ಎಡಗಿವಿ ಹಿಪ್ ಹಾಪಿಗೆ. ಎಡಗಿವಿಗೆ ಇಯರ್‌ಫೋನು ಸಿಕ್ಕಿಸಿ, ಬಲಗಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಕುಳಿತನೆಂದರೆ ಮುಗಿಯಿತು, ಎದುರಿಗೆ ಆನೆ ಬಂದು ನಿಂತರೂ ಅದರ ಕಾಲಿಗೆ ವಾಚು ಕಟ್ಟಿದೆಯೇ ಎಂದು ಮೊದಲು ನೋಡುವ ಆಸಾಮಿ.

ಅಂಗಡಿಯೆಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ಎದ್ದು ನಿಂತರೆ ತಲೆ ಬಡಿಯುತ್ತದೆ, ಆದ್ದರಿಂದ ಮೂವತ್ತು ವರ್ಷಗಳಿಂದ ಆತ ಅಲ್ಲಿ ಎದ್ದು ನಿಂತಿಲ್ಲ. ಮೊಣಕೈ ಊರುವಷ್ಟು ಅಗಲದ ಮೇಜು, ಬಾಗುಕತ್ತಿನ ದೀಪ, ಬಾಟಲಿ ಮುಚ್ಚಳಗಳಲ್ಲಿ ಸಾಸಿವೆಗಿಂತ ಸಣ್ಣ ತಿರುಪುಗಳು. ಬೆನ್ನ ಹಿಂದಿನ ಗೋಡೆಯ ತುಂಬ ಕ್ಯಾಸೆಟ್ಟುಗಳು. ಐದು ಗಂಟೆಗೆ ಕೊಡುತ್ತೇನೆ ಎಂದರೆ ಐದಕ್ಕೇ. ಒಂದು ನಿಮಿಷ ಮುಂಚೆ ಬಂದವರನ್ನು ಆ ಒಂದು ನಿಮಿಷ ನಿಲ್ಲಿಸಿಯೇ ಕೊಡುತ್ತಿದ್ದ. ಬೀದಿಯವರು ಇಟ್ಟ ಹೆಸರು ಹಾಗೆ ಬಂದದ್ದು. ಆತನಿಗೆ ಅದರ ಬಗ್ಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು ಎನ್ನಬೇಕು.

ಹಿಪ್ ಹಾಪಿನ ಹುಚ್ಚು ಹಿಡಿದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಆಗ ಗುರುವಿನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಲಾರಿ ಚಾಲಕನೊಬ್ಬ ಗುಂಡಿ ಕಿತ್ತುಹೋದ ಟೇಪ್ ರೆಕಾರ್ಡರ್ ಕೊಟ್ಟುಹೋದ. ಸರಿಯಾಯಿತೇ ಎಂದು ನೋಡಲು ಒತ್ತಿದಾಗ ಒಳಗೆ ಉಳಿದಿದ್ದ ಕ್ಯಾಸೆಟ್ಟು ಓಡತೊಡಗಿತು. ಯಾವನೋ ಒಬ್ಬ ಮಾತಾಡುತ್ತಿದ್ದ. ಹಾಡುತ್ತಿಲ್ಲ, ಮಾತೇ. ಆದರೆ ಆ ಮಾತು ಡ್ರಮ್ಮಿನ ಹಲ್ಲಿಗೆ ಹಲ್ಲು ಕೂತು ತಿರುಗುತ್ತಿತ್ತು, ವಾಚಿನೊಳಗಿನ ಚಕ್ರಗಳ ಹಾಗೆ. ಭಾಷೆ ಒಂದಕ್ಷರ ತಿಳಿಯಲಿಲ್ಲ. ಇವನು ಯಾರ ಮೇಲೋ ಸಿಟ್ಟಾಗಿದ್ದಾನೆ, ಅಷ್ಟು ಸಿಟ್ಟಿನಲ್ಲೂ ತಾಳ ಬಿಟ್ಟಿಲ್ಲ ಎನ್ನುವುದು ಮಾತ್ರ ತಿಳಿಯಿತು. ಮನುಷ್ಯ ಹೀಗೂ ಸಿಟ್ಟಾಗಬಹುದೇ ಎಂದು ಆತನಿಗೆ ಭಾರೀ ಕುತೂಹಲವಾಯಿತು. ಆ ಕುತೂಹಲ ಇವತ್ತಿಗೂ ಇಳಿದಿಲ್ಲ.

"ನಾನು ಬೈದ್ರೆ ಕಿವಿ ಮುಚ್ಕೋತೀರಿ, ಅವನು ಬೈದ್ರೆ ತಲೆ ಆಡಿಸ್ತೀರಿ" ಎಂದು ಹೆಂಡತಿ ಮದುವೆಯಾದ ಹೊಸತರಲ್ಲೇ ತಗಾದೆ ತೆಗೆದಿದ್ದಳು.

"ಅವನು ತಾಳ ತಪ್ಪಲ್ಲ ಕಣೇ" ಎಂದು ಉತ್ತರ ಕೊಟ್ಟು ಆತ ಎರಡು ದಿನ ತಾನೇ ಬಡಿಸಿಕೊಂಡು ಉಂಡಿದ್ದ.

ಹಳೆಯದನ್ನೇ ಹಿಡಿದು ಕೂರುವ ಜಾತಿಯೂ ಅಲ್ಲ. ತಂಗಿಯ ಮಗಳು ಅಚ್ಚಿನ ಮನೆಯಲ್ಲಿ ಪುಟ ಜೋಡಿಸುವ ಕೆಲಸದಲ್ಲಿದ್ದಳು, ಕಂಪ್ಯೂಟರಿನಲ್ಲಿ ಪಳಗಿದ ಕೈ. ಈ ವಾರ ಬಂದ ಹೊಸ ಹಾಡು ಈ ವಾರವೇ ಮಾಮನ ಫೋನಿಗೆ ಬರುತ್ತಿತ್ತು. ಆತ ಅದನ್ನು ಮೂರು ಸಲ ಕೇಳದೆ ತೀರ್ಪು ಕೊಡುತ್ತಿರಲಿಲ್ಲ.

"ಈ ಹೊಸಬರ ಡ್ರಮ್ಮು ತಗಡಿನ ಮೇಲೆ ಕಾಳು ಸುರಿದ ಹಾಗಿದೆಯಲ್ಲೇ."

"ಮಾಮ, ನಿನ್ನ ಹಳಬರದ್ದು ಗೋಣಿಚೀಲ ಕೊಡವಿದ ಹಾಗಿರತ್ತೆ. ನಾನೇನಾದ್ರೂ ಅಂದ್ನಾ?"

"ಆದ್ರೆ ಈ ಹುಡುಗಿ ಇದಾಳಲ್ಲ, ಎರಡನೇ ಹಾಡಿನವಳು, ಅವಳು ಪಿಸುಗುಟ್ಟಿಕೊಂಡೇ ಹೇಗೆ ಹೊಡೀತಾಳೆ! ನಮ್ಮವರು ಕಿರುಚಿ ಸತ್ರು. ಅವಳದ್ದು ಇನ್ನೊಂದಿದ್ರೆ ಕಳಿಸು."

ಇಷ್ಟೆಲ್ಲ ಕೇಳಿದವನಿಗೆ ಒಂದೇ ಒಂದು ಹಾಡು ಮಾತ್ರ ಇಪ್ಪತ್ತೆಂಟು ವರ್ಷಗಳಿಂದ ತಲೆ ತಿನ್ನುತ್ತಿತ್ತು. ಅದು ದೂರದೇಶದ್ದಲ್ಲ, ಇದೇ ಊರಿನದು, ತಮ್ಮದೇ ಭಾಷೆಯದು. 'ಮೂರನೇ ಮಹಡಿ' ಎಂದು ಹೆಸರಿಟ್ಟುಕೊಂಡಿದ್ದ ಮೂವರ ತಂಡ ಮನೆಯಲ್ಲೇ ಕೂತು ಒಂದೇ ಒಂದು ಹಾಡು ಮಾಡಿ, ಆಮೇಲೆ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಆ ಹಾಡು ಕೈಯಿಂದ ಕೈಗೆ ನಕಲಾಗುತ್ತ ಆತನಲ್ಲಿಗೆ ಬಂದಾಗ ಬೇರೆ ಯಾವುದೋ ಕ್ಯಾಸೆಟ್ಟಿನ ಬಾಲಕ್ಕೆ ಅಂಟಿಕೊಂಡಿತ್ತು, ಮೂರನೆಯ ಭಾಗ ಮುಗಿಯುವಷ್ಟರಲ್ಲಿ ಟೇಪೇ ಮುಗಿದುಹೋಗುತ್ತಿತ್ತು.

ಹಾಡಿನ ಕತೆ ಸರಳ. ಲಿಫ್ಟು ಕೆಟ್ಟಿರುವ ಕಟ್ಟಡ, ಹತ್ತಬೇಕಾದ ಮೆಟ್ಟಿಲು. ಮೊದಲನೆಯವನು ದಪ್ಪ ದನಿಯಲ್ಲಿ ಲಿಫ್ಟಿನ ಮಾಲೀಕನಿಗೆ ಮಂಗಳಾರತಿ ಎತ್ತುತ್ತಾನೆ. ಎರಡನೆಯವನು ಮಹಡಿಗೊಂದರಂತೆ ಬಾಗಿಲ ಹಿಂದಿನ ಸಂಸಾರಗಳನ್ನು ಹೇಳುತ್ತಾನೆ. ಮೂರನೆಯದು ಇನ್ನೂ ಮೀಸೆ ಮೂಡದ ಹುಡುಗನ ದನಿ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವ ದನಿ:

"ಲಿಫ್ಟು ಕೆಟ್ಟು ಮೂರು ವರ್ಷ, ಬೋರ್ಡು ಮಾತ್ರ ಹೊಸದು,
ಹತ್ತು ಹತ್ತು ಇನ್ನೂ ಹತ್ತು, ಮೆಟ್ಟಿಲೆಲ್ಲೂ ಮುಗಿಯದು..."

ಈ ಮೂರನೆಯ ಭಾಗದಲ್ಲೇ ಆ ವಿಚಿತ್ರವಿತ್ತು. ಡ್ರಮ್ಮು ನಾಲ್ಕು ಸುತ್ತು ನೆಟ್ಟಗೆ ನಡೆಯುತ್ತದೆ. ನಾಲ್ಕನೆಯದು ಮುಗಿದು ಐದನೆಯದಕ್ಕೆ ಕಾಲಿಡುವಾಗ ಒಂದು ಕ್ಷಣ ತಡವರಿಸುತ್ತದೆ, ಆಮೇಲೆ ಬೀಳುತ್ತದೆ. ಮತ್ತೆ ನಾಲ್ಕು ಸುತ್ತು, ಮತ್ತೆ ಕುಂಟು. ಹೀಗೆ ಎಂಟು ಸಲ. ಓಟದ ಪಂದ್ಯಕ್ಕೆ ಬಳಸುವ ಸ್ಟಾಪ್‌ವಾಚು ಹಿಡಿದು ಅಳೆದಿದ್ದ. ಮೊದಲು ಸಣ್ಣದು, ಬರಬರುತ್ತ ದೊಡ್ಡದು, ಕೊನೆಯದು ಕಾಲು ಸೆಕೆಂಡು. ಯಾವ ವಾಚಾದರೂ ಹೀಗೆ ಕುಂಟಿದರೆ ಬಿಚ್ಚಿ ಹಾಕುತ್ತಿದ್ದ ಮನುಷ್ಯನಿಗೆ ಈ ಕುಂಟು ಬಂದಾಗಲೆಲ್ಲ ಮೈ ಝುಮ್ಮೆನ್ನುತ್ತಿತ್ತು. ಬೇಕೆಂದೇ ಮಾಡಿದ್ದೋ, ಕೈತಪ್ಪಿ ಆದದ್ದೋ? ಕೇಳೋಣವೆಂದರೆ ಮಾಡಿದವರೇ ಪತ್ತೆಯಿಲ್ಲ.

ಒಂದು ದಿನ ಮಧ್ಯಾಹ್ನ ಇಯರ್‌ಫೋನಿನ ತಂತಿ ತುಂಡಾಗಿ, ಸೆಕೆಂಡಪ್ಪ ಆ ಹಾಡನ್ನು ಸಣ್ಣ ಸ್ಪೀಕರಿನಲ್ಲಿ ಹಾಕಿಕೊಂಡಿದ್ದ. ಖಾಕಿ ಅಂಗಿಯ ಹೆಂಗಸೊಬ್ಬಳು ಪಟ್ಟಿ ಹರಿದ ವಾಚು ಹಿಡಿದು ಬಂದು ನಿಂತಳು. ಶಾಲೆಯ ಬಸ್ಸು ಓಡಿಸುವವಳು, ಮಕ್ಕಳ ಬಾಯಲ್ಲಿ ಬಸ್ಸಕ್ಕ. ಆತ ಪಟ್ಟಿ ಹುಡುಕುತ್ತಿದ್ದಾಗ ಸ್ಪೀಕರಿನಿಂದ ಮೂರನೆಯ ಭಾಗ ಶುರುವಾಯಿತು. ಹೆಂಗಸಿನ ತುಟಿ ಅಲುಗತೊಡಗಿತು. ಹಾಡಿನ ಜೊತೆಗಲ್ಲ, ಹಾಡಿಗಿಂತ ಒಂದು ಸಾಲು ಮುಂದೆ.

ಸೆಕೆಂಡಪ್ಪ ಕಣ್ಣಿನ ಭೂತಗನ್ನಡಿ ತೆಗೆದ. "ಅಮ್ಮಾ, ಈ ಹಾಡು ನಿಮಗೆ ಹೇಗೆ ಗೊತ್ತು?"

"ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ? ಆ ಮೂರನೇ ಹುಡುಗ ನಾನೇ ಕಣ್ರೀ" ಎಂದಳು ಬಸ್ಸಕ್ಕ. "ನನಗೆ ಹದಿನಾಲ್ಕು ಆಗ. ಡ್ರಮ್ಮೆಲ್ಲ ನಮ್ಮಣ್ಣಂದು. ಎರಡನೇ ದನಿಯೂ ಅವನದ್ದೇ. ದಪ್ಪ ದನಿಯವರು ಪಕ್ಕದ ಮನೆಯವರು, ಅವರು ಊರು ಬಿಟ್ರು. ಇದು ನಿಮ್ಮ ಹತ್ರ ಹೇಗೆ ಬಂತು? ನಮ್ಮ ಹತ್ರಾನೇ ಇಲ್ಲ."

ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಸೆಕೆಂಡಪ್ಪ ಅಂಗಡಿಯಲ್ಲಿ ಎದ್ದು ನಿಂತು ತಲೆ ಬಡಿಸಿಕೊಂಡ. ತಲೆ ಉಜ್ಜಿಕೊಳ್ಳುತ್ತಲೇ ಪ್ರಶ್ನೆಗಳ ಮಳೆ ಸುರಿಸಿದ. ಬಸ್ಸಕ್ಕ ಸ್ಟೂಲಿನ ಮೇಲೆ ಕೂತು ಹೇಳಿದಳು. ಅವರ ಬಳಿ ಡ್ರಮ್ಮಿರಲಿಲ್ಲ. ಅಣ್ಣ ಟೀವಿ, ಟೇಪು ರಿಪೇರಿ ಮಾಡುವವನು, ಎರಡು ಹಳೆಯ ಟೇಪುಗಳನ್ನು ತಂತಿಯಲ್ಲಿ ಜೋಡಿಸಿದ್ದ. ಒಂದರಲ್ಲಿ ಯಾವುದೋ ವಾದ್ಯಗೋಷ್ಠಿಯ ಮೂರು ಸೆಕೆಂಡಿನ ಡ್ರಮ್ಮು. ಅದನ್ನು ಇನ್ನೊಂದಕ್ಕೆ ತುಂಬಿಸಿ ಪಾಜ್ ಗುಂಡಿ ಒತ್ತಿ ನಿಲ್ಲಿಸುವುದು, ಮೊದಲನೆಯದನ್ನು ಹಿಂದಕ್ಕೆ ಸುತ್ತುವುದು, ಗುಂಡಿ ಬಿಟ್ಟು ಮತ್ತೆ ತುಂಬಿಸುವುದು. ಹೀಗೆ ತೊಂಬತ್ತಾರು ಸಲ. ಒಂದು ಇಡೀ ವಾರ ಅವನು ಟೇಪಿನ ಮುಂದಿನಿಂದ ಏಳಲಿಲ್ಲವಂತೆ.

ಕೊನೆಗೆ ಸೆಕೆಂಡಪ್ಪ ಗಂಟಲು ಸರಿಮಾಡಿಕೊಂಡು ಇಪ್ಪತ್ತೆಂಟು ವರ್ಷಗಳ ಪ್ರಶ್ನೆ ಕೇಳಿದ. "ನಿಮ್ಮ ಭಾಗದಲ್ಲಿ ನಾಲ್ಕು ಸುತ್ತಿಗೊಂದು ಸಲ ಡ್ರಮ್ಮು ತಡವಾಗಿ ಬೀಳತ್ತಲ್ಲ, ಅದು ಯಾಕೆ?"

"ತಡವಾಗಿ ಬೀಳತ್ತಾ? ನನಗೇನು ಗೊತ್ತು, ಡ್ರಮ್ಮು ಬಿದ್ದಾಗ ನಾನು ಶುರು ಮಾಡ್ತಿದ್ದೆ ಅಷ್ಟೇ." ಬಸ್ಸಕ್ಕ ಸ್ವಲ್ಪ ಯೋಚಿಸಿದಳು. "ಓ, ಆ ಪಾಜ್ ಗುಂಡಿಯ ಸ್ಪ್ರಿಂಗು ಹೋಗಿತ್ತು. ಅಣ್ಣ ರಬ್ಬರ್ ಬ್ಯಾಂಡ್ ಹಾಕಿದ್ದ. ಅದಕ್ಕಿರಬೇಕು."

ಸೆಕೆಂಡಪ್ಪನ ಮುಖ ಸಪ್ಪಗಾಯಿತು. ರಬ್ಬರ್ ಬ್ಯಾಂಡು! ಬಳಸಿದಷ್ಟೂ ಸಡಿಲವಾಗುತ್ತದೆ, ಕುಂಟು ಬರಬರುತ್ತ ಹೆಚ್ಚಾಗುತ್ತದೆ. ಕೀಲಿ ಇಳಿದ ವಾಚು ನಿಧಾನವಾಗುವ ಹಾಗೆ. ಲೆಕ್ಕ ಸರಿಯಾಗಿಯೇ ಕೂತಿತು. ಇಷ್ಟು ವರ್ಷ ಏನೇನೋ ಕಲ್ಪಿಸಿಕೊಂಡು ತಲೆ ಕೆಡಿಸಿಕೊಂಡದ್ದಕ್ಕೆ ಆತನಿಗೆ ನಾಚಿಕೆಯೂ ಆಯಿತು.

ಬಸ್ಸಕ್ಕ ಮಾತ್ರ ಬೇರೆಯೇ ಯೋಚನೆಯಲ್ಲಿದ್ದಳು. ಅಣ್ಣನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿದಿತ್ತು. ಬಲಗೈ ಬಲಗಾಲು ಬಿದ್ದುಹೋಗಿ, ಮಾತಿನಲ್ಲಿ ಉಳಿದದ್ದು 'ಆಯ್ತು' ಎಂಬ ಒಂದೇ ಪದ. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಮಾತು ಕಲಿಸುವ ಡಾಕ್ಟರಮ್ಮ ವಾರಕ್ಕೆರಡು ಸಲ ಬಂದರೆ ಅವನು ಗೋಡೆಗೆ ಮುಖ ಮಾಡಿಬಿಡುತ್ತಿದ್ದ. ಇನ್ನು ಮೂರ್ನಾಲ್ಕು ತಿಂಗಳು ಹೀಗೇ ಬಿಟ್ಟರೆ ಮಾತು ಅಲ್ಲಿಗೇ ನಿಂತುಬಿಡಬಹುದು ಎಂದು ಆಕೆ ಹೇಳಿದ್ದಳು.

"ಆ ಡ್ರಮ್ಮಿನ ಮೂಲ ಟೇಪು ಮಾತ್ರ ನಮ್ಮಲ್ಲಿದೆ, ಹಾಡಿಲ್ಲದ್ದು" ಎಂದಳು ಬಸ್ಸಕ್ಕ. "ಅದು ತುಂಡಾಗಿ ಅಂಟಿಕೊಂಡಿದೆ. ದಿನಾ ಅದರ ಕಡೆ ಕೈ ತೋರಿಸ್ತಾನೆ. ಅದನ್ನ ಒಂದ್ಸಲ ಕೇಳಿದ್ರೆ ಈ ಕಡೆ ತಿರುಗ್ತಾನೋ ಏನೋ ಅಂತ. ನಿಮ್ಮ ಕೈ ಸೂಕ್ಷ್ಮ, ರಿಪೇರಿ ಮಾಡ್ಕೊಡ್ತೀರಾ?"

ಮಾಡದೆ ಇರುತ್ತಾನೆಯೇ? ಮರುದಿನ ಅವಳು ತಂದ ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಬಿಚ್ಚಿ, ಚಿಮಟದಲ್ಲಿ ಒಂದೊಂದೇ ಸುತ್ತು ಬಿಡಿಸಿ, ತುಂಡಾದಲ್ಲಿ ಕೂದಲಷ್ಟು ಅಂಟುಪಟ್ಟಿ ಹಾಕಿ, ಹೊಸ ಡಬ್ಬಿಯಲ್ಲಿ ಕೂರಿಸಿದ. ತಂಗಿಯ ಮಗಳು ಕಂಪ್ಯೂಟರ್ ತಂದು ಜೋಡಿಸಿದಳು. ಟೇಪು ಒಂದು ಸಲ ಪೂರ್ತಿ ಓಡಿತು. ಎರಡನೆಯ ಸಲ ಓಡುವ ಸ್ಥಿತಿಯಲ್ಲಿ ಅದು ಉಳಿಯಲಿಲ್ಲ, ಮೇಲಿನ ಕಂದು ಲೇಪ ಪುಡಿಪುಡಿಯಾಗಿ ಉದುರಿ ಆತನ ಬೆರಳಿಗೆ ಮೆತ್ತಿಕೊಂಡಿತು. ಆದರೆ ಡ್ರಮ್ಮು ಕಂಪ್ಯೂಟರಿನೊಳಗೆ ಬಂದಿತ್ತು.

ಪರದೆಯ ಮೇಲೆ ಏಟುಗಳೆಲ್ಲ ಬೇಲಿಯ ಗೂಟಗಳಂತೆ ಸಾಲಾಗಿ ಕಾಣಿಸಿದವು. ಎಂಟು ಕಡೆ ಗೂಟಗಳ ನಡುವೆ ಸಂದಿ. ಸೆಕೆಂಡಪ್ಪನ ಕೈ ತುರಿಸತೊಡಗಿತು. ಪಾಪ, ಆ ಮನುಷ್ಯ ಹರಕು ಯಂತ್ರದಲ್ಲಿ ಒಂದು ವಾರ ಒದ್ದಾಡಿದ್ದಾನೆ, ಒಳ್ಳೆಯ ಸ್ಪ್ರಿಂಗು ಸಿಕ್ಕಿದ್ದರೆ ನೆಟ್ಟಗೇ ಮಾಡುತ್ತಿದ್ದ, ಈಗ ನಾನು ಮಾಡಿಕೊಟ್ಟರೆ ಎಷ್ಟು ಖುಷಿಪಡುತ್ತಾನೆ! ತಪ್ಪು ಸಮಯ ತೋರಿಸುವ ವಾಚನ್ನು ಆತ ಎಂದೂ ಅಂಗಡಿಯಿಂದ ಹೊರಗೆ ಕಳಿಸಿದವನಲ್ಲ.

"ಮಾಮ, ಹಾಗೇ ಬಿಡು. ಚೆನ್ನಾಗಿದೆ ಅದು" ಎಂದಳು ತಂಗಿಯ ಮಗಳು.

"ರಬ್ಬರ್ ಬ್ಯಾಂಡಿನ ತಪ್ಪು ಕಣೇ ಅದು. ಹೇಗೆ ಎಳೆಯೋದು ತೋರಿಸು ಸಾಕು."

ತೋರಿಸಿ ಅವಳು ಕೆಲಸಕ್ಕೆ ಹೋದಳು. ಸಂಜೆಯೊಳಗೆ ಎಂಟೂ ಸಂದಿ ಮುಚ್ಚಿದವು. ಮೂರನೆಯ ಭಾಗ ದಾಟಿದ ಮೇಲೆ ಆತ ಹಿಂದೆಂದೂ ಕೇಳದ ಹದಿನಾರು ಸುತ್ತುಗಳಿದ್ದವು, ಆತನ ಕ್ಯಾಸೆಟ್ಟಿನಲ್ಲಿ ಇಲ್ಲದ ಬಾಲ. ಅಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ, ಎಲ್ಲ ನೆಟ್ಟಗೆ. ಕೆಲಸ ಬೇಗ ಮುಗಿಯಿತೆಂದು ಖುಷಿಪಟ್ಟು, ಹಳೆಯದರ ಮೇಲೆಯೇ ಹೊಸದನ್ನು ಉಳಿಸಿ ಕಂಪ್ಯೂಟರ್ ಮುಚ್ಚಿದ.

ಭಾನುವಾರ ಹನ್ನೊಂದಕ್ಕೆ ಹೊಸ ಅಂಗಿ ಹಾಕಿಕೊಂಡು, ತಂಗಿಯ ಮಗಳಿಂದ ಕಂಪ್ಯೂಟರ್ ಎರವಲು ಪಡೆದು ಬಸ್ಸಕ್ಕನ ಮನೆಗೆ ಹೋದ. ಅಣ್ಣ ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿದ್ದ. ಬಲಗೈ ಮಡಿಲಲ್ಲಿ ಮಲಗಿತ್ತು. ಇಪ್ಪತ್ತೆಂಟು ವರ್ಷದಿಂದ ಯಾರನ್ನು ಹುಡುಕುತ್ತಿದ್ದನೋ ಅವನೇ ಎದುರಿಗಿದ್ದ. ಸೆಕೆಂಡಪ್ಪ ಸ್ಪೀಕರ್ ಜೋಡಿಸಿ ಡ್ರಮ್ಮು ಹಾಕಿದ.

ಮೊದಲ ಏಟಿಗೇ ಅಣ್ಣನ ಕಣ್ಣು ಅರಳಿದವು. ಎಡಗೈ ಬೆರಳು ಕುರ್ಚಿಯ ತೋಳಿನ ಮೇಲೆ ತಟ್ಟತೊಡಗಿತು. ಬಸ್ಸಕ್ಕ ಬಾಯಿ ಮುಚ್ಚಿಕೊಂಡು ಬಾಗಿಲಿಗೊರಗಿ ನಿಂತಿದ್ದಳು. ಮೊದಲ ಭಾಗ, ಎರಡನೆಯ ಭಾಗ, ಬೆರಳು ಎಲ್ಲೂ ತಪ್ಪಲಿಲ್ಲ. ಮೂರನೆಯ ಭಾಗದ ನಾಲ್ಕನೆಯ ಸುತ್ತು ಮುಗಿಯಿತು. ಡ್ರಮ್ಮು ಬಿತ್ತು. ಬೆರಳು ಇನ್ನೂ ಮೇಲೆಯೇ ಇತ್ತು.

ಅಣ್ಣ ಸ್ಪೀಕರಿನತ್ತ ನೋಡಿದ. ಮತ್ತೆ ನಾಲ್ಕು ಸುತ್ತು, ಮತ್ತೆ ಡ್ರಮ್ಮು ಮೊದಲು, ಬೆರಳು ಆಮೇಲೆ. ಮೂರನೆಯ ಸಲ ಅವನು ಎಡಗೈ ಬೀಸಿ ಸ್ಪೀಕರನ್ನು ನೆಲಕ್ಕೆ ಕೆಡವಿದ. "ಆಯ್ತು! ಆಯ್ತು! ಆಯ್ತು!" ಎಂದು ಅರಚಿ, ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟ.

"ಏನಾಯ್ತು? ಏನು ಮಾಡಿದ್ರಿ ನೀವು?" ಎಂದಳು ಬಸ್ಸಕ್ಕ.

ಸೆಕೆಂಡಪ್ಪ ಸುಳ್ಳು ಹೇಳುವವನಲ್ಲ. ಹೇಳಿದ.

"ಹಳೇದು ಇದೆಯಾ?"

"ಇಲ್ಲ. ಅದರ ಮೇಲೇ..."

"ನಿಮಗೆ ರಿಪೇರಿಗೆ ಕೊಟ್ಟಿದ್ದು ಕಣ್ರೀ, ತಿದ್ದಿ ಮಾರ್ಕು ಹಾಕೋಕಲ್ಲ! ಅವನ ಹತ್ರ ಉಳಿದಿದ್ದು ಅದೊಂದೇ. ಹೋಗಿ, ಹೊರಡಿ ಮೊದಲು."

ಹೊಸ ಅಂಗಿಯಲ್ಲಿ ಬೆವರುತ್ತ ಸೆಕೆಂಡಪ್ಪ ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು ಕೂತ. ಕೆಲಸಕ್ಕೆ ಸೇರಿದಂದಿನಿಂದ ಇಂಥ ಅವಮಾನ ಆಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಅಷ್ಟು ಪ್ರೀತಿಸಿದ ಕುಂಟನ್ನು ತಾನೇ ಕೊಂದಿದ್ದ. ಮರುದಿನ ವಿಚಾರಿಸಿದರೆ ಸುದ್ದಿ ಇನ್ನೂ ಕೆಟ್ಟದ್ದಿತ್ತು. ಅಣ್ಣ ಈಗ ಡಾಕ್ಟರಮ್ಮನಿಗಿರಲಿ, ತಂಗಿಗೂ ಮುಖ ತೋರಿಸುತ್ತಿರಲಿಲ್ಲ.

ಉಳಿದ ದಾರಿ ಒಂದೇ. ತನ್ನ ಕ್ಯಾಸೆಟ್ಟಿನಲ್ಲಿ ಮಾತಿನ ಕೆಳಗೆ ಡ್ರಮ್ಮಿದೆಯಲ್ಲ, ಅದರಿಂದ ಅಳತೆ ತೆಗೆದು ಎಂಟು ಸಂದಿಗಳನ್ನೂ ಮತ್ತೆ ಬಿಡಿಸುವುದು. ಚೀಟಿಯ ಮೇಲೆ ಒಂದರ ಕೆಳಗೊಂದು ಬರೆಯುತ್ತ ಹೋದ. ಎಂಟನೆಯದನ್ನು ಬರೆದಾಗ ಪೆನ್ಸಿಲು ನಿಂತಿತು. ಇದಾದ ಮೇಲಿನ ಹದಿನಾರು ಸುತ್ತು ನೆಟ್ಟಗಿದ್ದವಲ್ಲ? ಸಡಿಲವಾದ ರಬ್ಬರು ತಾನಾಗಿ ಬಿಗಿಯಾಗುತ್ತದೆಯೇ? ಕೀಲಿ ಇಳಿದ ವಾಚು ಯಾರೂ ಕೀಲಿ ಕೊಡದೆ ಸರಿಯಾಗಿ ಓಡುತ್ತದೆಯೇ? ಮೊದಲ ಎರಡು ಭಾಗಗಳಲ್ಲೂ ಕುಂಟಿಲ್ಲ, ಕೊನೆಯಲ್ಲೂ ಇಲ್ಲ, ಆ ಹುಡುಗಿ ಬಾಯಿ ತೆರೆದಲ್ಲಿ ಮಾತ್ರ ಇದೆ. ರಬ್ಬರ್ ಬ್ಯಾಂಡಿಗೆ ಯಾರು ಹಾಡುತ್ತಿದ್ದಾರೆಂದು ಹೇಗೆ ಗೊತ್ತಾಗಬೇಕು! ಎಷ್ಟು ತಪ್ಪಿದೆ ಎಂದು ನೋಡಿದ್ದನೇ ಹೊರತು ಎಲ್ಲಿ ತಪ್ಪಿದೆ ಎಂದು ಆತ ನೋಡಿರಲಿಲ್ಲ.

ಸದ್ದು ಪೂರ್ತಿ ಏರಿಸಿ ಒಂದೊಂದು ಸಂದಿಗೂ ಕಿವಿ ಕೊಟ್ಟ. ಎಡಗಿವಿ ಮಾತ್ರವಲ್ಲ, ವಾಚುಗಳ ಬಲಗಿವಿಯನ್ನೂ ಕೊಟ್ಟ. ಟೇಪಿನ ಬುಸ್ ಎಂಬ ಸದ್ದಿನ ತಳದಲ್ಲಿ ಇನ್ನೊಂದು ಸಣ್ಣ ಸದ್ದಿತ್ತು. ಒಳಕ್ಕೆಳೆದ ಗಾಳಿ, ಅದರ ತುದಿಗೆ ಸೀಟಿ ಊದಿದ ಹಾಗೆ ಒಂದು ಎಳೆ. ಸಂದಿಯಿಂದ ಸಂದಿಗೆ ಆ ಎಳೆ ಉದ್ದವಾಗುತ್ತಿತ್ತು. ಇಷ್ಟು ವರ್ಷ ಅದನ್ನು ಕ್ಯಾಸೆಟ್ಟಿನ ಕೊಳೆ ಎಂದುಕೊಂಡಿದ್ದ.

ಆವತ್ತು ಐದಕ್ಕೆ ಬರುತ್ತೇನೆಂದ ಗಿರಾಕಿಗೆ ಸೆಕೆಂಡಪ್ಪನ ಅಂಗಡಿ ಮುಚ್ಚಿತ್ತು. ಬೀದಿಯವರು ಆಸ್ಪತ್ರೆಗೆ ಹೋಗಿರಬೇಕೆಂದು ಮಾತಾಡಿಕೊಂಡರು. ಆತ ಶಾಲೆಯ ಬಸ್ಸುಗಳು ನಿಲ್ಲುವ ಅಂಗಳದಲ್ಲಿದ್ದ. ಬಸ್ಸಕ್ಕ ಮಕ್ಕಳನ್ನು ಬಿಟ್ಟು ಬಂದು, ಸೀಟುಗಳ ಕೆಳಗೆ ಬಿದ್ದ ಪೆನ್ನು ಕರ್ಚೀಫುಗಳನ್ನು ಹೆಕ್ಕುತ್ತಿದ್ದಳು. ಆತನನ್ನು ಕಂಡು ಮುಖ ಗಂಟಿಕ್ಕಿಕೊಂಡಳು.

"ಒಂದೇ ಪ್ರಶ್ನೆ" ಎಂದ ಸೆಕೆಂಡಪ್ಪ. "ಚಿಕ್ಕಂದಿನಲ್ಲಿ ನಿಮಗೆ ದಮ್ಮು ಇತ್ತಾ?"

"ಇತ್ತು. ಮೂರು ಮಹಡಿ ಹತ್ತಬೇಕಾದ್ರೆ ಎರಡು ಕಡೆ ಕೂತ್ಕೋತಿದ್ದೆ. ಯಾರು ಹೇಳಿದ್ದು ನಿಮಗೆ?" ಮತ್ತೆ ಅವಳೇ ಮುಂದುವರಿಸಿದಳು, "ಹಾಡುವಾಗ ಮಾತ್ರ ಒಂದ್ಸಲಾನೂ ಬರಲಿಲ್ಲ. ಅದೊಂದು ಆಶ್ಚರ್ಯ ನೋಡಿ. ಶಾಲೇಲಿ ಪದ್ಯ ಓದೋಕೆ ಆಗ್ತಿರಲಿಲ್ಲ, ಈ ಹಾಡಲ್ಲಿ ಮಾತ್ರ ಉಸಿರು ಕಟ್ಟಲೇ ಇಲ್ಲ. ನನ್ನ ಮಕ್ಕಳಿಗೂ ಅದನ್ನೇ ಹೇಳ್ತೀನಿ. ಮನಸ್ಸು ಮಾಡಿದ್ರೆ ಆಗತ್ತೆ ಅಂತ."

ಸೆಕೆಂಡಪ್ಪ ಚೀಟಿಯನ್ನು ಕೈಗಿತ್ತ. ಎಂಟು ಅಂಕಿಗಳು, ಒಂದಕ್ಕಿಂತ ಒಂದು ದೊಡ್ಡದು. ಯಾವುದು ಏನೆಂದು ಬೆರಳಿಟ್ಟು ಹೇಳಿದ. ಇಲ್ಲಿ ನೀವು ಇಷ್ಟು ಉಸಿರೆಳೆದಿದ್ದೀರಿ, ಡ್ರಮ್ಮು ಇಷ್ಟು ಕಾದಿದೆ. ಇಲ್ಲಿ ಸುಸ್ತು ಜಾಸ್ತಿ, ಇಲ್ಲಿ ಇನ್ನೂ ಜಾಸ್ತಿ ಕಾದಿದೆ. ಮತ್ತೆ ನಿಮ್ಮ ಭಾಗ ಮುಗಿದ ಮೇಲೆ ಕಾದೇ ಇಲ್ಲ.

ಬಸ್ಸಕ್ಕ ಓದಿದಳು. ಮತ್ತೊಮ್ಮೆ ಓದಿದಳು. ಬಸ್ಸಿನ ಮೊದಲ ಸೀಟಿನಲ್ಲಿ ಕೂತುಬಿಟ್ಟಳು.

"ಅಂದ್ರೆ ನನಗೆ ದಮ್ಮು ಬಂದಿತ್ತು" ಎಂದಳು ನಿಧಾನವಾಗಿ. "ಬಂದಿತ್ತು, ಅಭ್ಯಾಸ ಮಾಡುವಾಗಲೇ ನನ್ನ ಉಸಿರು ಅಳೆದಿಟ್ಟು, ನನಗೆ ಗೊತ್ತಾಗದ ಹಾಗೆ ಮಾಡಿದ್ದಾನೆ."

ಮುಂದಿನ ಭಾನುವಾರ ಸೆಕೆಂಡಪ್ಪ ಹಳೆಯ ಅಂಗಿಯಲ್ಲೇ ಹೋದ. ಅಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ಎಂಟು ಸಂದಿಗಳನ್ನು ಮತ್ತೆ ಕೂರಿಸಿದ ಡ್ರಮ್ಮು ಶುರುವಾಯಿತು. ಎರಡು ಭಾಗ ಕಳೆದರೂ ಅಣ್ಣ ಅಲುಗಲಿಲ್ಲ. ಮೂರನೆಯದರ ನಾಲ್ಕನೆಯ ಸುತ್ತು ಮುಗಿದಾಗ ಡ್ರಮ್ಮು ತಡವರಿಸಿ ಬಿತ್ತು. ಅವನ ಕುತ್ತಿಗೆ ಬಿಗಿಯಾಯಿತು. ಎರಡನೆಯ ಕುಂಟು. ಮೂರನೆಯದು. ಅಣ್ಣ ಮೆಲ್ಲನೆ ಮುಖ ತಿರುಗಿಸಿದ.

ಬಸ್ಸಕ್ಕ ಅವನ ಕಾಲ ಬಳಿ ನೆಲದ ಮೇಲೆ ಕೂತಳು. "ಅಣ್ಣಾ, ನನಗೋಸ್ಕರ ನಿಲ್ಲಿಸ್ತಿದ್ದೆಯಾ?"

ಅಣ್ಣ ತಂಗಿಯನ್ನು ನೋಡಿದ. ಎಡಗೈಯನ್ನು ತನ್ನ ಎದೆಯ ಮೇಲಿಟ್ಟು, ಉಸಿರು ಸಿಗದವರಂತೆ ಭುಜ ಎತ್ತಿ ತೋರಿಸಿದ. ಆಮೇಲೆ ಅವಳ ತಲೆಗೊಂದು ಮೊಟಕಿ "ಆಯ್ತು" ಎಂದ.

"ಒಂದು ಮಾತು ಹೇಳಲಿಲ್ವಲ್ಲೋ! ಮಾತು ಬರ್ತಿದ್ದಾಗಲಾದ್ರೂ ಹೇಳಬಾರದಿತ್ತೇನೋ!" ಬಸ್ಸಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

ಅಣ್ಣ ಸ್ಪೀಕರಿನತ್ತ ಗಲ್ಲ ಎತ್ತಿ, ಆಮೇಲೆ ಅವಳತ್ತ ಎತ್ತಿದ. ಹಾಡು ಎಂದು. ಅವಳು ಬೇಡವೆಂದರೂ ಬಿಡಲಿಲ್ಲ. ಸೆಕೆಂಡಪ್ಪ ಮೂರನೆಯ ಭಾಗವನ್ನು ಮತ್ತೆ ಹಾಕಿದ. ಬಸ್ಸಕ್ಕ ಎದ್ದು ನಿಂತು ಕಣ್ಣು ಮುಚ್ಚಿ ಶುರುಮಾಡಿದಳು. ಲಿಫ್ಟು ಕೆಟ್ಟಿತು, ಬೋರ್ಡು ಹೊಸದಾಯಿತು, ಮೆಟ್ಟಿಲುಗಳು ಬಂದವು. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಏದುಸಿರು. ಡ್ರಮ್ಮು ಹದಿನಾಲ್ಕರ ಹುಡುಗಿಗೆ ಕಾದಷ್ಟೇ ಕಾದು ಮುಂದೆ ಹೋಯಿತು. ನಲವತ್ತೆರಡರ ಬಸ್ಸಕ್ಕ ಹಿಂದೆ ಉಳಿದಳು.

"ಇರಿ, ಇರಿ, ಇಲ್ಲಿ ಸ್ವಲ್ಪ ಜಾಸ್ತಿ ಮಾಡಿಬಿಡ್ತೀನಿ" ಎಂದು ಸೆಕೆಂಡಪ್ಪ ಕಂಪ್ಯೂಟರಿನ ಕಡೆ ಬಾಗಿದ. ಹುಟ್ಟುಗುಣ, ಎಲ್ಲಿ ಹೋಗುತ್ತದೆ! ಅಣ್ಣ ಆತನ ಕೈಯ ಮೇಲೆ ಪಟಾರನೆ ಹೊಡೆದ. ಹೊಡೆದ ಕೈಯಿಂದಲೇ ಕಂಪ್ಯೂಟರಿನ ಮುಚ್ಚಳ ಮುಚ್ಚಿದ.

ಡ್ರಮ್ಮು ನಿಂತಿತು. ಅಣ್ಣ ಕುರ್ಚಿಯ ತೋಳಿನ ಮೇಲೆ ಎಡಗೈಯಿಂದ ತಟ್ಟತೊಡಗಿದ. ಬರೀ ಮರ, ಬರೀ ಬೆರಳು, ಆದರೆ ಅದೇ ಡ್ರಮ್ಮು. ಬಸ್ಸಕ್ಕ ಮೊದಲಿನಿಂದ ಶುರುಮಾಡಿದಳು. ಒಂದು ಸುತ್ತು, ಎರಡು, ಮೂರು, ನಾಲ್ಕು. ಬೆರಳು ಮೇಲೆದ್ದು ನಿಂತಿತು.

ಸೆಕೆಂಡಪ್ಪನ ಬಾಯಿ ರೂಢಿಯಂತೆ ಎಣಿಸತೊಡಗಿತು. ಅರ್ಧ ಸೆಕೆಂಡು. ಒಂದು. ಒಂದೂವರೆ. ಆತನ ಕಸುಬಿನಲ್ಲಿ ಇಷ್ಟು ತಡಕ್ಕೆ ಹೆಸರೇ ಇರಲಿಲ್ಲ. ಅಣ್ಣ ಬೆರಳೆತ್ತಿಕೊಂಡೇ ತಂಗಿಯ ಭುಜಗಳನ್ನು ನೋಡುತ್ತಿದ್ದ. ಅವು ಏರಿದವು, ನಡುಗಿದವು, ಇನ್ನೂ ಸ್ವಲ್ಪ ಏರಿದವು. ಎರಡು ಸೆಕೆಂಡು. ಅವಳ ಎದೆ ತುಂಬಿತು.

ಆಗ ಬೆರಳು ಇಳಿಯಿತು.